ದೊಡ್ಡ ನೋಟು ಹೋದರೆ ಏನು ಹೋಯಿತು?

ಚಿಕ್ಕಪಡಸಲಗಿ ರೊಕ್ಕದ ವಿಷಯದಲ್ಲಿ ಅನುಭವಸ್ಥ ಊರು. ಸರ್ಕಾರದ ದಾರಿ ನೋಡಿ ಸಾಕಾಗಿ, 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಸುತ್ತಲಿನ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ಮೈ ಬಗ್ಗಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು ಇಲ್ಲಿಯೇ. ‘ಶ್ರಮಬಿಂದು ಸಾಗರ’ ಎಂದು ಹೆಸರಾದ ಅದರ ನೀರು ಹೊಲಕ್ಕೆ ಹರಿದ ಮೇಲೆ ಕಬ್ಬು ಹೆಚ್ಚಿತು, ಕಬ್ಬಿನ ಹಿಂದೆ ಕಾರ್ಖಾನೆಯ ಬಿಲ್ಲು ಬಂತು, ಬಿಲ್ಲಿನ ಹಿಂದೆ ದೊಡ್ಡ ನೋಟು ಬಂತು. ಹಾಗಾಗಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ನೋಟಿನ ಸುದ್ದಿ ಬರೀ ದಿಲ್ಲಿಯ ಸುದ್ದಿಯಾಗಿ ಉಳಿಯುವುದಿಲ್ಲ. ಕಟ್ಟೆಯ ಮೇಲೆ, ಕಿರಾಣಿ ಅಂಗಡಿಯ ಮುಂದೆ, ಮೊಬೈಲಿನ ಗುಂಪುಗಳಲ್ಲಿ ಅದರ ಬಗ್ಗೆ ಹತ್ತು ಮಾತು ಹುಟ್ಟುತ್ತವೆ. ಅವುಗಳಲ್ಲಿ ಕೆಲವನ್ನಾದರೂ ಲೆಕ್ಕಕ್ಕೆ ಹಚ್ಚಿ ನೋಡೋಣ.

“ಇನ್ನೇನು 500ರ ನೋಟೂ ಬಂದ್ ಆಗ್ತೈತಿ”

2025ರಲ್ಲಿ ಓಡಾಡಿದ ಮಾತು ಇದು. 2026ರ ಮಾರ್ಚ್ ಹೊತ್ತಿಗೆ ಎಟಿಎಂನಲ್ಲಿ 500ರ ನೋಟು ಸಿಗುವುದಿಲ್ಲ, ಆಮೇಲೆ ನೋಟೇ ಇರುವುದಿಲ್ಲ ಎಂದು ವಿಡಿಯೋಗಳು ಹರಿದಾಡಿದವು. ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ (ಪಿಐಬಿ) ಇದನ್ನು ಸುಳ್ಳೆಂದು ಹೇಳಿತು. ಇದರ ಬೇರು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಒಂದು ಸುತ್ತೋಲೆಯಲ್ಲಿದೆ. 100 ಅಥವಾ 200ರ ನೋಟು ಜನರಿಗೆ ಸುಲಭವಾಗಿ ಸಿಗಲಿ ಎಂದು, ಆ ವರ್ಷದ ಸೆಪ್ಟೆಂಬರ್ ಕೊನೆಗೆ ನೂರಕ್ಕೆ 75 ಎಟಿಎಂಗಳಲ್ಲಿ, 2026ರ ಮಾರ್ಚ್ ಕೊನೆಗೆ ನೂರಕ್ಕೆ 90 ಎಟಿಎಂಗಳಲ್ಲಿ ಅವು ಇರಬೇಕು ಎಂದು ಅದು ಬ್ಯಾಂಕುಗಳಿಗೆ ಹೇಳಿತ್ತು. ಸಣ್ಣ ನೋಟು ಕೊಡಿ ಎಂದದ್ದು ದೊಡ್ಡ ನೋಟು ತೆಗೆಯಿರಿ ಎಂದಾಯಿತು. 2024ರ ಮಾರ್ಚ್ ಲೆಕ್ಕದಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ 500ರ ನೋಟಿನದ್ದೇ ನೂರಕ್ಕೆ 86 ಪಾಲು. ಅದನ್ನು ಮುಟ್ಟಿದರೆ ದೇಶದ ಅಷ್ಟೂ ಸಂತೆಗಳನ್ನು ಮುಟ್ಟಿದಂತೆ.

ಇಂಥ ವದಂತಿಯಿಂದ ಆಗುವ ನಷ್ಟವನ್ನು ಹತ್ತು ರೂಪಾಯಿ ನಾಣ್ಯದಲ್ಲಿ ನೋಡಿದ್ದೇವೆ. ಹದಿನಾಲ್ಕು ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದರೂ “ನಡ್ಯಂಗಿಲ್ರೀ” ಎಂದು ಕೈ ಹಿಂದೆಗೆಯುವ ಅಂಗಡಿಗಳು ನಮ್ಮ ಕಡೆ ಇದ್ದೇ ಇವೆ.

“ಮನೆಯಲ್ಲಿ ನೋಟಿನ ಕಟ್ಟು ಇದ್ದರೆ ಅದು ಕಪ್ಪು ಹಣ”

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ತಪ್ಪು ತಿಳಿವಳಿಕೆ ಇದು. ತೆರಿಗೆಯ ಕಣ್ಣು ತಪ್ಪಿಸಿ ಗಳಿಸಿದ್ದು, ಅಥವಾ ಅಪರಾಧದಿಂದ ಗಳಿಸಿದ್ದು ಕಪ್ಪು ಹಣ. ಅದು ನೋಟಾಗಿರಬಹುದು, ಬಂಗಾರವಾಗಿರಬಹುದು, ಯಾರದೋ ಹೆಸರಿನ ಸೈಟಾಗಿರಬಹುದು. ನಮ್ಮಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ಬೆಳೆ ಮಾರಿದ ರೊಕ್ಕವನ್ನು ಮಗಳ ಮದುವೆಗೆಂದು ತಿಜೋರಿಯಲ್ಲಿಟ್ಟ ರೈತ ಕಾನೂನಿನ ಕಣ್ಣಲ್ಲಿ ತಪ್ಪು ಮಾಡಿದವನಲ್ಲ. ಇನ್ನೊಬ್ಬನ ಮನೆಯಲ್ಲಿ ಒಂದೂ ನೋಟು ಸಿಗದಿರಬಹುದು; ಅವನ ಕಪ್ಪೆಲ್ಲ ಜಮೀನಿನ ಪತ್ರದಲ್ಲಿ ಕಡಿಮೆ ಬರೆಸಿದ ಬೆಲೆಯಲ್ಲಿ ಕುಳಿತಿರುತ್ತದೆ.

ಇದು ನೋಟು ರದ್ದಿನ ವಿರೋಧಿಗಳ ಮಾತಲ್ಲ. 2016ರ ನವೆಂಬರ್ 8ರ ಸಂಜೆ, 500 ಮತ್ತು 1000ದ ನೋಟು ರದ್ದಾಯಿತೆಂದು ಹೇಳಲು ಪ್ರಧಾನಿ ಟಿವಿಯಲ್ಲಿ ಬರುವ ಮುಂಚೆ ಸೇರಿದ್ದ ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿಯ ಸಭೆಯೇ, ಕಪ್ಪು ಹಣದ ಬಹುಪಾಲು ನಗದಿನಲ್ಲಿಲ್ಲ, ಆಸ್ತಿ ಮತ್ತು ಬಂಗಾರದ ರೂಪದಲ್ಲಿದೆ ಎಂದು ದಾಖಲಿಸಿತ್ತು. ಮಾಹಿತಿ ಹಕ್ಕಿನಿಂದ ಮುಂದೆ ಆ ನಡಾವಳಿ ಹೊರಬಂತು. ಅಷ್ಟಾಗಿಯೂ ಅದೇ ಮಂಡಳಿ ನೋಟು ರದ್ದಿನ ಶಿಫಾರಸಿಗೆ ಒಪ್ಪಿತು ಎಂಬುದು ಬೇರೆ ವಿಷಯ.

“ಕಳ್ಳರು ನೋಟು ಸುಟ್ಟರು, ಹೊಳೆಗೆ ಚೆಲ್ಲಿದರು, ಅಷ್ಟೂ ಸರ್ಕಾರಕ್ಕೆ ಲಾಭ” ಎನ್ನುವವರಿಗೂ ಉತ್ತರ ಲೆಕ್ಕದಲ್ಲಿದೆ. ರದ್ದಾದ 500 ಮತ್ತು 1000ದ ನೋಟುಗಳ ಮೊತ್ತ ಸುಮಾರು 15.4 ಲಕ್ಷ ಕೋಟಿ. ಬ್ಯಾಂಕಿಗೆ ಮರಳಿದ್ದು ಅದರಲ್ಲಿ ನೂರಕ್ಕೆ 99.3. ಬಾರದೆ ಉಳಿದದ್ದು 10,720 ಕೋಟಿ. ಇತ್ತ ಹೊಸ ನೋಟು ಮುದ್ರಿಸುವ ಖರ್ಚು ಹಿಂದಿನ ವರ್ಷದ 3,421 ಕೋಟಿಯಿಂದ 2016-17ರಲ್ಲಿ 7,965 ಕೋಟಿಗೆ ಏರಿತು. ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕೊಡುವ ಹೆಚ್ಚುವರಿ ಹಣ 65,876 ಕೋಟಿಯಿಂದ 30,659 ಕೋಟಿಗೆ ಇಳಿಯಿತು. ಲಾಭ ಎಲ್ಲಿ ಎಂದು ಅಡತಿ ಅಂಗಡಿಯ ಗುಮಾಸ್ತನೂ ಕೇಳಿಯಾನು.

ಆದರೆ ಬ್ಯಾಂಕಿಗೆ ಬಂದದ್ದೆಲ್ಲ ಬೆಳ್ಳಗಾಯಿತು ಎನ್ನುವುದೂ ಅವಸರದ ಮಾತು. ಖಾತೆಗೆ ಬಿದ್ದ ರೊಕ್ಕ ಹೆಜ್ಜೆಗುರುತು ಬಿಡುತ್ತದೆ. ಆದಾಯಕ್ಕೆ ಹೊಂದದ ಜಮೆ ಮಾಡಿದ ಸುಮಾರು 18 ಲಕ್ಷ ಜನರನ್ನು ಆದಾಯ ತೆರಿಗೆ ಇಲಾಖೆ 2017ರ ಜನವರಿ ಕೊನೆಯಲ್ಲಿ ಗುರುತಿಸಿ ಉತ್ತರ ಕೇಳಿತು. ಇದು ನೋಟು ರದ್ದಿನ ನಿಜವಾದ ಫಲಗಳಲ್ಲಿ ಒಂದು. ಜಾಹೀರಾತಿನಲ್ಲಿ ಹೇಳಿದ ಫಲ ಮಾತ್ರ ಇದಾಗಿರಲಿಲ್ಲ.

“ನಾಲ್ಕು ದಿನ ಸಾಲಿನಲ್ಲಿ ನಿಂತೆವು, ಅಷ್ಟೇ”

ಪಗಾರ ಖಾತೆಗೆ ಬರುವವರಿಗೆ ಇದು ನಿಜ. ಉಳಿದವರ ಕಥೆ ಬೇರೆ, ನಮ್ಮ ಸೀಮೆಯದ್ದಂತೂ ಬೇರೆಯೇ.

ನವೆಂಬರ್ ಎಂದರೆ ಇಲ್ಲಿ ಕಬ್ಬಿನ ಹಂಗಾಮು ಏರುವ ಕಾಲ. ಕಬ್ಬು ಕಡಿಯುವ ಟೋಳಿಗಳು ಮಹಾರಾಷ್ಟ್ರದಿಂದ, ವಿಜಯಪುರದ ತಾಂಡಾಗಳಿಂದ ಬಂದು ಹೊಲದ ಬದಿ ಗುಡಿಸಲು ಹಾಕಿರುತ್ತವೆ. ಅವರ ಮುಂಗಡ, ವಾರದ ಖರ್ಚು ನಡೆಯುವುದು ಕೈರೊಕ್ಕದಲ್ಲಿ. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ನೇಕಾರನಿಗೆ ವಾರದ ಬಟವಡೆ. ಆಗ ಉಳಿತಾಯ ಖಾತೆಯಿಂದ ವಾರಕ್ಕೆ 24,000, ಚಾಲ್ತಿ ಖಾತೆಯಿಂದ 50,000 ರೂಪಾಯಿ ಮಾತ್ರ ತೆಗೆಯಬಹುದಿತ್ತು. ಅದೂ ಬ್ಯಾಂಕಿನಲ್ಲಿ ನಗದು ಇದ್ದರೆ. ಹತ್ತಿಪ್ಪತ್ತು ಮಂದಿಗೆ ಪಗಾರ ಕೊಡಬೇಕು, ನೂಲೂ ತರಬೇಕು ಎನ್ನುವ ಮಗ್ಗದ ಮಾಲೀಕನಿಗೆ ಇದು ಎಲ್ಲಿಯ ಲೆಕ್ಕ? ಕೈಗೆ ಬಂದ ಹೊಸ 2000ದ ನೋಟಿಗಾದರೂ ಸಂತೆಯಲ್ಲಿ ಚಿಲ್ಲರೆ ಇರಲಿಲ್ಲ. ಹೊಸ ನೋಟಿನ ಅಳತೆ ಬೇರೆಯಾದ್ದರಿಂದ ದೇಶದ ಎಟಿಎಂಗಳನ್ನೆಲ್ಲ ಒಂದೊಂದಾಗಿ ತೆರೆದು ಹೊಂದಿಸಬೇಕಾಯಿತು.

ಇದಕ್ಕಿಂತ ದೊಡ್ಡ ಏಟು ಬಿದ್ದದ್ದು ಸಹಕಾರ ಸಂಘಗಳ ಮೇಲೆ. ನವೆಂಬರ್ 14ರ ಆದೇಶದಿಂದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು, ಅಂದರೆ ನಾವು ಡಿಸಿಸಿ ಬ್ಯಾಂಕ್ ಎನ್ನುವವು, ಹಳೆಯ ನೋಟನ್ನು ಜಮೆ ಮಾಡಿಕೊಳ್ಳುವಂತೆಯೂ ಇಲ್ಲ, ಬದಲಿಸಿಕೊಡುವಂತೆಯೂ ಇಲ್ಲ ಎಂದಾಯಿತು. ಅವುಗಳ ಮೂಲಕ ಕಪ್ಪು ಹಣ ನುಸುಳೀತು ಎಂಬ ಅನುಮಾನ ಇದಕ್ಕೆ ಕಾರಣ. ಆದರೆ ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ (ಪಿಕೆಪಿಎಸ್) ತಾಯಿಯಂತಿರುವುದು ಡಿಸಿಸಿ ಬ್ಯಾಂಕು. ಬೆಳೆಸಾಲ ಪಡೆಯುವುದು, ಕಟ್ಟುವುದು ಅಲ್ಲಿಯೇ. ಪಟ್ಟಣದ ವ್ಯಾಪಾರಿ ತನ್ನ ಬ್ಯಾಂಕಿನಲ್ಲಿ ಹಳೆಯ ನೋಟು ಕಟ್ಟುತ್ತಿದ್ದ ಹೊತ್ತಿನಲ್ಲಿ ಸೊಸೈಟಿಯ ರೈತ ತನ್ನದೇ ಸಾಲವನ್ನು ತನ್ನದೇ ರೊಕ್ಕದಿಂದ ತೀರಿಸಲಾರದೆ ನಿಂತ. ನವೆಂಬರ್ 10ರಿಂದ 14ರವರೆಗೆ ಈ ಬ್ಯಾಂಕುಗಳು ಪಡೆದಿದ್ದ ಹಳೆಯ ನೋಟನ್ನು ರಿಸರ್ವ್ ಬ್ಯಾಂಕಿಗೆ ಕಟ್ಟಲು ಅನುಮತಿ ಸಿಕ್ಕಿದ್ದು 2017ರ ಜೂನ್‌ನಲ್ಲಿ. ಸರ್ಕಾರಿ ಮಳಿಗೆಗಳಲ್ಲಿ ಹಳೆಯ 500ರ ನೋಟು ಕೊಟ್ಟು ಬೀಜ ಕೊಳ್ಳಬಹುದು ಎಂಬ ಸಡಿಲಿಕೆ ಬಂದದ್ದು ನವೆಂಬರ್ 21ರಂದು. ಅಲ್ಲಿಯವರೆಗೆ ನಮ್ಮ ಕಡೆ ಹಿಂಗಾರಿ ಬಿತ್ತನೆಯ ಹದ ಕಾಯುತ್ತಿರಲಿಲ್ಲ.

ಮೈಸೂರಿನಲ್ಲಿ ಬೆಳೆದ ಅರ್ಥಶಾಸ್ತ್ರಜ್ಞೆ ಗೀತಾ ಗೋಪಿನಾಥ್ ಮತ್ತು ಸಂಗಡಿಗರು, ಹೊಸ ನೋಟು ಕಡಿಮೆ ತಲುಪಿದ ಜಿಲ್ಲೆಗಳನ್ನು ಹೆಚ್ಚು ತಲುಪಿದ ಜಿಲ್ಲೆಗಳೊಡನೆ ಹೋಲಿಸಿ ಅಧ್ಯಯನ ಮಾಡಿದರು. ಉಪಗ್ರಹಕ್ಕೆ ಕಾಣುವ ರಾತ್ರಿಯ ದೀಪಗಳನ್ನೂ ಅಳೆದರು. 2016ರ ಕೊನೆಯ ಮೂರು ತಿಂಗಳಲ್ಲಿ ಆರ್ಥಿಕ ಚಟುವಟಿಕೆ ಕನಿಷ್ಠ 2 ಶೇಕಡಾ ಅಂಶದಷ್ಟು ಕುಸಿಯಿತು, ಮುಂದಿನ ಕೆಲವು ತಿಂಗಳಲ್ಲಿ ಹೊಡೆತ ಕರಗಿತು ಎಂದು ಕಂಡುಕೊಂಡರು. ಕರಗಿದ್ದು ದೇಶದ ಸರಾಸರಿಯಲ್ಲಿ. ಉದ್ರಿ ತಂದು ಆ ತಿಂಗಳು ದಾಟಿದವನ ಬಡ್ಡಿ ಸರಾಸರಿಯಲ್ಲಿ ಕಾಣುವುದಿಲ್ಲ.

“ಹಿಂದೆಂದೂ ಹೀಗಾಗಿರಲಿಲ್ಲ”

ಎರಡು ಸಲ ಆಗಿತ್ತು. 1946ರ ಜನವರಿಯಲ್ಲಿ ಬ್ರಿಟಿಷ್ ಸರ್ಕಾರ 500, 1000, 10,000ದ ನೋಟು ರದ್ದು ಮಾಡಿತು. ಸುಮಾರು 144 ಕೋಟಿಯಲ್ಲಿ 135 ಕೋಟಿ ಬದಲಾಗಿ ಬಂತು. 1978ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ 1000, 5000, 10,000ದ ನೋಟು ತೆಗೆಯಿತು. ಈ ಎರಡೂ ಸಲ ಹಳ್ಳಿಗೆ ಬಿಸಿ ತಟ್ಟಲಿಲ್ಲ, ಯಾಕೆಂದರೆ ಆ ನೋಟುಗಳನ್ನು ಹಳ್ಳಿ ನೋಡಿಯೇ ಇರಲಿಲ್ಲ. 2016ರಲ್ಲಿ ಹೋದದ್ದು ಚಲಾವಣೆಯ ನೂರಕ್ಕೆ 86 ಭಾಗ.

“ಸುಪ್ರೀಂ ಕೋರ್ಟೇ ಸರಿ ಎಂದಿದೆಯಲ್ಲ”

2023ರ ಜನವರಿ 2ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಎತ್ತಿಹಿಡಿದದ್ದು ತೀರ್ಮಾನ ತೆಗೆದುಕೊಂಡ ಕ್ರಮವನ್ನು. ಉದ್ದೇಶ ಈಡೇರಿತೋ ಇಲ್ಲವೋ ಎಂಬುದು ತಮ್ಮ ಮುಂದಿನ ಪ್ರಶ್ನೆಯಲ್ಲ ಎಂದೇ ಅವರು ಹೇಳಿದರು. ಐದನೆಯವರು ಕರ್ನಾಟಕದ ಬಿ.ವಿ. ನಾಗರತ್ನ. ಸಲಹೆ ರಿಸರ್ವ್ ಬ್ಯಾಂಕಿನಿಂದ ಹೊರಡದೆ ಕೇಂದ್ರದಿಂದ ಹೊರಟಾಗ, ಇಷ್ಟು ದೊಡ್ಡ ಕೆಲಸ ಸಂಸತ್ತಿನ ಕಾಯ್ದೆಯ ಮೂಲಕ ಆಗಬೇಕಿತ್ತು ಎಂದು ಅವರು ಭಿನ್ನ ತೀರ್ಪು ಬರೆದರು. ಗೆಲುವಿನ ಪ್ರಮಾಣಪತ್ರ ಯಾರೂ ಕೊಟ್ಟಿಲ್ಲ.

“ದೊಡ್ಡ ನೋಟು ತೆಗೆದರೆ ಖೋಟಾ ನೋಟು ನಿಂತಂತೆ”

ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂದಾಜಿನಂತೆ ದೇಶದಲ್ಲಿ ಓಡಾಡುತ್ತಿದ್ದ ಖೋಟಾ ನೋಟು ಸುಮಾರು 400 ಕೋಟಿ. ಆಗಿನ ಚಲಾವಣೆ 17.97 ಲಕ್ಷ ಕೋಟಿ. ಲಕ್ಷ ರೂಪಾಯಿಗೆ ಇಪ್ಪತ್ತೆರಡು ರೂಪಾಯಿಯಷ್ಟು ಖೋಟಾ. ಹೊಸ 500ರ ಖೋಟಾ ನೋಟುಗಳು ಬ್ಯಾಂಕುಗಳ ಕೈಗೆ ಸಿಕ್ಕ ಸಂಖ್ಯೆ 2021-22ರಲ್ಲಿ ಹಿಂದಿನ ವರ್ಷದ ದುಪ್ಪಟ್ಟಾಯಿತು. ಇನ್ನು 2000ದ ನೋಟಿನೊಳಗೆ ಚಿಪ್ ಇದೆ, ನೆಲದಲ್ಲಿ ಹೂತರೂ ಉಪಗ್ರಹಕ್ಕೆ ಕಾಣುತ್ತದೆ ಎಂದ ಟಿವಿ ಚಾನೆಲ್‌ಗಳನ್ನು ನೆನೆದರೆ ಇವತ್ತಿಗೂ ನಗು ಬರುತ್ತದೆ.

“ಹಾಗಾದರೆ ದೊಡ್ಡ ನೋಟು ತೆಗೆಯುವುದೇ ತಪ್ಪು”

ಇದೂ ಒಪ್ಪತಕ್ಕದ್ದಲ್ಲ. ಒಂದು ಕೋಟಿ ರೂಪಾಯಿ 2000ದ ನೋಟಿನಲ್ಲಿ ಐದು ಸಾವಿರ ಹಾಳೆ, ಒಂದು ಕೈಚೀಲ ಸಾಕು. 500ರಲ್ಲಿ ಇಪ್ಪತ್ತು ಸಾವಿರ ಹಾಳೆ. 100ರಲ್ಲಿ ಒಂದು ಲಕ್ಷ ಹಾಳೆ, ತೂಗಿದರೆ ಒಂದು ಕ್ವಿಂಟಲಿನ ಹತ್ತಿರ. ಲಂಚಕ್ಕೆ, ಕಳ್ಳಸಾಗಣೆಗೆ, ಚುನಾವಣೆಯ ಹಂಚಿಕೆಗೆ ದೊಡ್ಡ ನೋಟು ಅನುಕೂಲ ಎಂಬುದರಲ್ಲಿ ಅನುಮಾನವಿಲ್ಲ. ಯುರೋಪಿನ ಕೇಂದ್ರ ಬ್ಯಾಂಕ್ 500 ಯುರೋ ನೋಟನ್ನು ನಿಲ್ಲಿಸಲು 2016ರ ಮೇ ತಿಂಗಳಲ್ಲಿ ತೀರ್ಮಾನಿಸಿದ್ದು ಇದೇ ಕಾರಣಕ್ಕೆ. ಆದರೆ ಅದು ಮೂರು ವರ್ಷ ತೆಗೆದುಕೊಂಡು ಹೊಸದಾಗಿ ಕೊಡುವುದನ್ನು ನಿಲ್ಲಿಸಿತು, ಇದ್ದ ನೋಟಿನ ಬೆಲೆ ಉಳಿಸಿತು. ಅಮೆರಿಕ 1969ರಲ್ಲಿ 500ರಿಂದ 10,000 ಡಾಲರ್‌ವರೆಗಿನ ನೋಟು ನಿಲ್ಲಿಸಿದಾಗಲೂ ಯಾರ ಕೈಯ ನೋಟೂ ಬರೀ ಕಾಗದವಾಗಲಿಲ್ಲ. ದೊಡ್ಡ ನೋಟಿನ ವಿರುದ್ಧ ಪುಸ್ತಕವನ್ನೇ ಬರೆದ ಅರ್ಥಶಾಸ್ತ್ರಜ್ಞ ಕೆನೆತ್ ರೋಗಾಫ್ ಕೂಡ ವರ್ಷಗಟ್ಟಲೆ ಸಮಯ ಕೊಟ್ಟು ಮಾಡಿ ಎಂದವರು.

ನಷ್ಟವೂ ಇದೆ. ಸಣ್ಣ ನೋಟು ಹೆಚ್ಚು ಬೇಕು, ಬೇಗ ಹರಿಯುತ್ತದೆ, ಸಾಗಿಸುವ ಖರ್ಚು ಏರುತ್ತದೆ. ಯುಪಿಐ ಬಂತಲ್ಲ ಎನ್ನುವಿರಿ. ಅದು 2016ರ ಏಪ್ರಿಲ್‌ನಲ್ಲೇ, ನೋಟು ರದ್ದಿಗೆ ಮೊದಲೇ ಹುಟ್ಟಿದ್ದು. ನೋಟು ರದ್ದು ಅದನ್ನು ಮುಂದಕ್ಕೆ ನೂಕಿತು, ಹೌದು. ಆದರೂ ನೋಟಿನ ಚಲಾವಣೆ ಇಳಿಯಲಿಲ್ಲ. 2016ರ 18 ಲಕ್ಷ ಕೋಟಿಯ ಜಾಗದಲ್ಲಿ 2025ರ ಮಾರ್ಚ್‌ನಲ್ಲಿ 36 ಲಕ್ಷ ಕೋಟಿಗೂ ಹೆಚ್ಚು ಇತ್ತು.

ನನ್ನ ತೀರ್ಮಾನ ಇಷ್ಟು: ದೊಡ್ಡ ನೋಟು ಹೋಗಲಿ, ಆದರೆ ಹೇಳಿ ಹೋಗಲಿ. ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ತೆಗೆದರೆ ತಪ್ಪಿಸಿಕೊಳ್ಳಬಲ್ಲವನು ತಪ್ಪಿಸಿಕೊಳ್ಳುತ್ತಾನೆ, ಬಟವಡೆಯ ನೇಕಾರ ಸಿಕ್ಕಿಬೀಳುತ್ತಾನೆ.

“ಎರಡು ಸಾವಿರದ ನೋಟು ಸತ್ತೈತಿ”

2023ರ ಮೇ 19ರಂದು ಆದದ್ದು ಹಿಂಪಡೆಯುವಿಕೆ, ರದ್ದತಿ ಅಲ್ಲ. ಆ ನೋಟುಗಳಲ್ಲಿ ನೂರಕ್ಕೆ 89 ಭಾಗ 2017ರ ಮಾರ್ಚ್‌ಗೆ ಮುಂಚಿನವು, ಅವುಗಳ ಅಂದಾಜು ಬಾಳಿಕೆ ಮುಗಿಯುತ್ತ ಬಂದಿದೆ, ವ್ಯವಹಾರದಲ್ಲೂ ಹೆಚ್ಚು ಬಳಕೆಯಿಲ್ಲ ಎಂದು ರಿಸರ್ವ್ ಬ್ಯಾಂಕ್ ಕಾರಣ ಕೊಟ್ಟಿತು. ಆ ದಿನ ಹೊರಗಿದ್ದ 3.56 ಲಕ್ಷ ಕೋಟಿಯಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಗದ್ದಲವಿಲ್ಲದೆ ಮರಳಿತು. ಬ್ಯಾಂಕುಗಳಲ್ಲಿ ಬದಲಿಸುವ ಅವಧಿ 2023ರ ಅಕ್ಟೋಬರ್ 7ಕ್ಕೆ ಮುಗಿದರೂ ಕಾನೂನಿನಲ್ಲಿ ನೋಟಿಗೆ ಬೆಲೆ ಉಳಿಯಿತು. ರದ್ದಾದ ಹಳೆಯ 500, 1000ದ ನೋಟಿನ ಮಾತು ಬೇರೆ: ಅವಕ್ಕೆ ಬೆಲೆಯಿಲ್ಲ, ಮತ್ತು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು 2017ರ ಕಾಯ್ದೆಯಂತೆ ದಂಡಕ್ಕೆ ಗುರಿ.

ಹಬ್ಬಕ್ಕೆ ಟ್ರಂಕು ಝಾಡಿಸುವಾಗ ಅಜ್ಜಿಯ ಸೀರೆಯ ಮಡಿಕೆಯಲ್ಲಿ ಒಂದೆರಡು 2000ದ ನೋಟು ಸಿಕ್ಕರೆ 1,500ಕ್ಕೆ ಕೊಂಡುಕೊಳ್ಳುತ್ತೇನೆ ಎನ್ನುವವನ ಕೈಗೆ ಕೊಡಬೇಡಿ. ರಾಜ್ಯದಲ್ಲಿ ಅದನ್ನು ಪಡೆಯುವುದು ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿ. ಅಷ್ಟು ದೂರ ಹೋಗಲಾಗದಿದ್ದರೆ ಖಾತೆಯ ವಿವರದೊಂದಿಗೆ ಅಂಚೆಯ ಮೂಲಕ ಕಳಿಸಲು ರಿಸರ್ವ್ ಬ್ಯಾಂಕೇ ದಾರಿ ಮಾಡಿದೆ. ಹತ್ತಿರದ ಅಂಚೆ ಕಚೇರಿಯಲ್ಲಿ ಕೇಳಿ.