ಮೇಳಗಾಯನದ ಕೊನೆಯ ಮುದ್ರಣ

ಸಭಾಮಂದಿರದಲ್ಲಿ ಕುಳಿತು ಕೇಳುವಾಗ ಇಂಪಾಗಿದ್ದ ಬಾಲಿಕೆಯರ ಮೇಳಗಾಯನವು ಮನೆಗೆ ಒಯ್ದ ಮುದ್ರಣದಲ್ಲಿ ಒಡಕುದನಿಯಾಗಿ ಕೇಳಿಸುವುದೇಕೆಂದು ತಾಯ್ತಂದೆಗಳು ಪ್ರಶ್ನಿಸುವುದುಂಟು. ಇದರ ಕುಂದು ಅನೇಕ ವೇಳೆ ಹಾಡಿದವರಲ್ಲಿಯೂ ಇಲ್ಲ, ಮೈಕಿನಲ್ಲಿಯೂ ಇಲ್ಲ. ಮಿಕ್ಸರಿನಿಂದ ರೆಕಾರ್ಡರಿಗೆ ಹೋಗುವ ನಾಲ್ಕು ಮೊಳದ ತಂತಿಯ ಎರಡು ಕೊನೆಗಳಲ್ಲಿ ಇರುತ್ತದೆ. ಆ ವಿಷಯವನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ವಿಶದಪಡಿಸಲು ಅಪೇಕ್ಷಿಸುತ್ತೇವೆ. ಯಾಕಂದರೆ ಒಂದು ವರ್ಷದ ಮೇಳವು ಪರೀಕ್ಷೆಗಳು ಮುಗಿದೊಡನೆ ಚದರಿಹೋಗುತ್ತದೆ. ಬಿಕ್ಕೋಡಿನಲ್ಲಿ ಒಟ್ಟಿಗೆ ನಿಂತು ಹಾಡಿದವರು ಬೇಲೂರು, ಹಾಸನ, ಬೆಂಗಳೂರುಗಳೆಂದು ಹೊರಟುಹೋದ ಮೇಲೆ ಅದೇ ಕಂಠಗಳನ್ನು ಪುನಃ ಕೂಡಿಸುವುದು ಯಾರಿಂದಲೂ ಆಗದು.

ಮಿಕ್ಸರ್ ಎಂಬ ಮೇಜಿನಂಥ ಯಂತ್ರಕ್ಕೆ ಒಂದೊಂದು ಮೈಕಿನ ದನಿಯೂ ಬೇರೆ ಬೇರೆ ದಾರಿಯಿಂದ ಬರುತ್ತದೆ. ಮೇಲುದನಿಯ ಸಾಲು, ಕೆಳದನಿಯ ಸಾಲು, ಹಾರ್ಮೋನಿಯಂ, ತಬಲ, ಇವುಗಳಿಗೆ ಪ್ರತ್ಯೇಕವಾಗಿ ಜಾರುಗುಂಡಿಗಳಿರುತ್ತವೆ; ಕೆಲಸಗಾರರು ಇವನ್ನು ಫೇಡರುಗಳೆನ್ನುವರು. ಅವುಗಳನ್ನು ಏರಿಸಿ ಇಳಿಸಿ ಹದಮಾಡಿದ ನಂತರ ಎಲ್ಲವೂ ಎಡ, ಬಲ ಎಂಬ ಎರಡೇ ಹೊಳೆಗಳಾಗಿ ಹೊರಡುತ್ತವೆ. ಈ ಕೂಡುದನಿಯನ್ನು ಹೊರಗಿನ ರೆಕಾರ್ಡರಿನಲ್ಲಿ ಹಿಡಿದಿಡುವುದೇ ಕೊನೆಯ ಮುದ್ರಣವು. ಹೀಗೆ ಕೂಡಿದ ಮೇಲೆ ತಬಲ ಹೆಚ್ಚಾಯಿತೆಂದು ಅದನ್ನು ಮಾತ್ರ ತಗ್ಗಿಸುವುದು ಹಾಲಿನೊಳಗಿನ ನೀರನ್ನು ತೆಗೆಯುವಷ್ಟು ಕಠಿನ.

ಕಾಂತದ ಪಟ್ಟಿಯ ಮೇಲೆ ದನಿಯನ್ನು ಬರೆಯುವ ಜರ್ಮನ್ ಯಂತ್ರವು ಬರ್ಲಿನ್ನಿನಲ್ಲಿ ಸಾರ್ವಜನಿಕರಿಗೆ ತೋರಿಸಲ್ಪಟ್ಟದ್ದು 1935ರಲ್ಲಿ. ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ್ದೂ ಅದೇ ವರ್ಷ. ಮುಂದೆ ಬಹುಕಾಲ ಕಾಲಂಗುಲ ಅಗಲದ ಪಟ್ಟಿಯೇ ಕೊನೆಯ ಮುದ್ರಣದ ಸಾಧನವಾಗಿತ್ತು. ಈಗ ಅಂಗೈಯಲ್ಲಿ ಅಡಗುವ ರೆಕಾರ್ಡರು ಉಗುರಿನಷ್ಟು ಚಿಪ್ಪಿನ ಮೇಲೆ ಅಂಕಿಗಳಾಗಿ ಬರೆಯುತ್ತದೆ. ಹಳೆಯ ಪಟ್ಟಿಗೆ ಒಂದು ಸದ್ಗುಣವಿತ್ತು: ದನಿ ತುಸು ಮಿತಿಮೀರಿದರೆ ಅದು ಮೆತ್ತಗೆ ತಾಳಿಕೊಳ್ಳುತ್ತಿತ್ತು. ಅಂಕಿಯ ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಅದರಲ್ಲಿ ಸೊನ್ನೆ ಡೆಸಿಬೆಲ್ ಎಂಬುದೇ ಕಡೆಯ ಗಡಿ. ಅದರಾಚೆ ಬರೆಯಲು ಅಂಕಿಯೇ ಇಲ್ಲವಾದ್ದರಿಂದ ದನಿಯ ಅಲೆಯ ತಲೆಯು ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಮೊದಲು ಹೇಳಿದ ಒಡಕುದನಿ ಇದೇ.

ಈ ಅನಾಹುತಕ್ಕೆ ಮುಖ್ಯ ಕಾರಣವು ಎರಡು ಯಂತ್ರಗಳ ಅಳತೆಗಳು ಹೊಂದದಿರುವುದು. ವೃತ್ತಿಯವರ ಮಿಕ್ಸರು ಸಾಧಾರಣ ಮಟ್ಟದಲ್ಲಿ ಸುಮಾರು 1.23 ವೋಲ್ಟುಗಳನ್ನು ಹೊರಗೆ ಕಳುಹಿಸುತ್ತದೆ. ಮನೆಬಳಕೆಯ ರೆಕಾರ್ಡರು ನಿರೀಕ್ಷಿಸುವುದು ಸುಮಾರು 0.32 ವೋಲ್ಟು, ಅಂದರೆ ನಾಲ್ಕನೆಯ ಒಂದು ಭಾಗ. ಮೈಕಿನ ರಂಧ್ರವಾದರೋ ಇದಕ್ಕಿಂತಲೂ ಎಷ್ಟೋ ಪಾಲು ಸೂಕ್ಷ್ಮ. ಆದಕಾರಣ ಮಿಕ್ಸರಿನ ತಂತಿಯನ್ನು ಲೈನ್ ಎಂಬ ರಂಧ್ರಕ್ಕೇ ಕೊಡತಕ್ಕದ್ದು. ಮೈಕಿಗಾಗಿ ಇರುವ 48 ವೋಲ್ಟಿನ ವಿದ್ಯುತ್ತನ್ನು ಆರಿಸಿರತಕ್ಕದ್ದು.

ಅಳತೆಯನ್ನು ಹೊಂದಿಸುವ ಬಗೆ ಸುಲಭವಾಗಿದೆ. ಹಾರ್ಮೋನಿಯಮ್ಮಿನ ಒಂದೇ ಸ್ವರವನ್ನು ಒತ್ತಿಹಿಡಿದು ಮಿಕ್ಸರಿನ ಮಾಪಕವು ಸೊನ್ನೆಯ ಗುರುತನ್ನು ಮುಟ್ಟುವಂತೆ ಮಾಡಬೇಕು. ಆಗ ರೆಕಾರ್ಡರಿನ ಮಾಪಕವು ಸೊನ್ನೆಗಿಂತ 18 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಅದರ ತಿರುಗುಗುಂಡಿಯನ್ನು ಸರಿಪಡಿಸಿ, ಮತ್ತೆ ಮುಟ್ಟದೆ ಬಿಡಬೇಕು. ಬಳಿಕ ಮೇಳದವರೆಲ್ಲರಿಂದ ಅತಿ ಗಟ್ಟಿಯಾದ ಚರಣವನ್ನು ಹಾಡಿಸಿ ನೋಡತಕ್ಕದ್ದು. ಅದು ಸೊನ್ನೆಗೆ 6 ಡೆಸಿಬೆಲ್ ಕೆಳಗೇ ನಿಂತರೆ ನಿಶ್ಚಿಂತೆ. ಮುದ್ರಣವು ಮೆಲ್ಲನಾಯಿತೆಂದು ಹೆದರಬೇಕಾಗಿಲ್ಲ. 24 ಬಿಟ್ಟಿನ ಬರಹದಲ್ಲಿ ಮೆಲುದನಿಯನ್ನು ಆಮೇಲೆ ಹಿಗ್ಗಿಸಬಹುದು, ಒಡೆದದ್ದನ್ನು ಕೂಡಿಸಲಾಗದು.

ಕೆಲವು ರೆಕಾರ್ಡರುಗಳಲ್ಲಿ ದನಿಯ ಮಟ್ಟವನ್ನು ತಾನಾಗಿ ಹೊಂದಿಸುವ ಒಂದು ಉಪಾಯವಿದೆ. ಭಾಷಣಕ್ಕೆ ಅದು ಸಹಾಯಕವೇ ಸರಿ, ಸಂಗೀತಕ್ಕೆ ಶತ್ರು. ಬಾಲಿಕೆಯರು ಮೆಲ್ಲಗೆ ಹಾಡಿದಲ್ಲಿ ಅದು ಹಿಗ್ಗಿಸುತ್ತದೆ, ಎದೆತುಂಬಿ ಹಾಡಿದಲ್ಲಿ ಅದುಮುತ್ತದೆ. ತಿಂಗಳುಗಟ್ಟಲೆ ಅಭ್ಯಾಸಮಾಡಿಸಿದ ಏರಿಳಿತವೆಲ್ಲ ಮಟ್ಟಸವಾಗಿಹೋಗುವುದಲ್ಲದೆ ಎರಡು ಚರಣಗಳ ನಡುವಣ ಮೌನದಲ್ಲಿ ಹೆಂಚಿನ ಮೇಲಿನ ಮಳೆಯ ಸದ್ದು ಮೇಲೇಳುತ್ತದೆ. ಇದನ್ನು ಆರಿಸದೆ ಮುದ್ರಿಸುವುದಕ್ಕಿಂತ ಮುದ್ರಿಸದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಹೆಡ್‌ಫೋನನ್ನು ರೆಕಾರ್ಡರಿಗೇ ಸಿಕ್ಕಿಸಿ ಕೇಳಬೇಕು. ಮಿಕ್ಸರಿಗೆ ಸಿಕ್ಕಿಸಿದವರು ಹೊರಡುವ ದನಿಯನ್ನು ಮಾತ್ರ ಕೇಳುವರು, ತಲಪಿದ್ದನ್ನಲ್ಲ.

ಮಲೆನಾಡಿನ ಅಂಚಿನಲ್ಲಿರುವ ನಮ್ಮ ಹೋಬಳಿಯಲ್ಲಿ ಮಳೆಗಾಲದ ವಿದ್ಯುತ್ತನ್ನು ನಂಬುವವರಾರು? ರೆಕಾರ್ಡರಿಗೆ ಹೊಸ ಬ್ಯಾಟರಿಗಳನ್ನು ಹಾಕಿರಬೇಕು. ಮಿಕ್ಸರು ಆರಿದರೂ ಅದು ಆರದೆ, ಬರೆದಷ್ಟನ್ನು ಉಳಿಸುತ್ತದೆ. ಒಂದೊಂದು ಹಾಡಿಗೂ ಮುದ್ರಣವನ್ನು ನಿಲ್ಲಿಸಿ ಹೊಸದಾಗಿ ಆರಂಭಿಸುವುದು ಉತ್ತಮ. ಅವಘಡವಾದರೆ ಒಂದೇ ಹಾಡು ಹೋಗುತ್ತದೆ. ಸ್ಥಳಕ್ಕಾಗಿ ಜಿಪುಣತನ ಬೇಡ. ಸೆಕೆಂಡಿಗೆ 48,000 ಮಾದರಿಗಳಂತೆ 24 ಬಿಟ್ಟಿನಲ್ಲಿ ಎರಡು ಹೊಳೆಗಳನ್ನೂ ಬರೆದರೆ ನಿಮಿಷಕ್ಕೆ ಸುಮಾರು 17 ಮೆಗಾಬೈಟುಗಳು, ಗಂಟೆಗೆ ಒಂದು ಗಿಗಾಬೈಟಿಗಿಂತ ತುಸು ಹೆಚ್ಚು. ಕುಗ್ಗಿಸಿದ ಎಂಪಿ3 ಪ್ರತಿಯನ್ನು ಹಂಚುವುದಕ್ಕೆ ಆಮೇಲೆ ಮಾಡಿಕೊಳ್ಳಬಹುದು. ಮೂಲವನ್ನು ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡಲಿ.

ಕೊನೆಯ ಸ್ವರವು ಮಂದಿರದಲ್ಲಿ ಪೂರ್ಣವಾಗಿ ಅಡಗುವ ತನಕ ಗುಂಡಿಯನ್ನು ಒತ್ತಲಾಗದು. ಚಪ್ಪಾಳೆಯವರನ್ನೂ ಮೊದಲೇ ಎಚ್ಚರಿಸಿರಬೇಕು. ಅನಂತರ ಒಬ್ಬ ಬಾಲಿಕೆಯು ಹಾಡಿನ ಹೆಸರನ್ನೂ ಶಾಲೆಯನ್ನೂ ವರ್ಷವನ್ನೂ ಹೇಳಲಿ. ಇದು ಹೊಸ ಪದ್ಧತಿಯಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿನ ಕೊಂಬಿಗೆ ಹಾಡಿದ ಗೌಹರ್ ಜಾನರು, ಕಡೆಯ ದಿನಗಳಲ್ಲಿ ಮೈಸೂರಿನ ಆಸ್ಥಾನದಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡವರು, ಹಾಡು ಮುಗಿದೊಡನೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ಪ್ಲೇಟುಗಳನ್ನು ಅಚ್ಚುಮಾಡುತ್ತಿದ್ದ ಜರ್ಮನಿಯ ಕೆಲಸಗಾರರಿಗೆ ಹಾಡಿದವರಾರೆಂದು ತಿಳಿಯಲೆಂದೇ ಹಾಗೆ ಮಾಡುತ್ತಿದ್ದರೆಂದು ಹೇಳುತ್ತಾರೆ. ಆ ಪ್ಲೇಟುಗಳ ಕೊನೆಯಲ್ಲಿ ಅವರ ಹೆಸರು ಈಗಲೂ ಕೇಳಿಸುತ್ತದೆ.