ಮುಪ್ಪಿನ ಇಡುಗಂಟು ಮತ್ತು ಅದರ ಕಾಗದಪತ್ರ

ನೌಕರಿಯವನಿಗೆ ನಿವೃತ್ತಿಯ ದಿನ ಮೊದಲೇ ಗೊತ್ತು. ರೈತನಿಗೆ ಅಂಥ ದಿನವೇ ಇಲ್ಲ. ಬೆಳೆ ಮಾರಿದ ಹಣವನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟೋ, ಅಂಚೆ ಕಚೇರಿಯ ಪಿ.ಪಿ.ಎಫ್. ಖಾತೆಗೆ ಕಟ್ಟಿಯೋ, ಎಲ್ಲಕ್ಕೂ ಮಿಗಿಲಾಗಿ ಭೂಮಿಯನ್ನು ಉಳಿಸಿಕೊಂಡೋ ತನ್ನ ಮುಪ್ಪಿನ ನಿಧಿಯನ್ನು ಅವನು ತಾನೇ ಕಟ್ಟಿ ತಾನೇ ಕಾಯಬೇಕು. ಕೂಡಿಸುವುದರಲ್ಲಿ ನಮ್ಮ ರೈತಬಂಧುಗಳು ಹಿಂದೆ ಬಿದ್ದವರಲ್ಲ. ಕಾಗದಪತ್ರದ ವಿಷಯದಲ್ಲಿ ಮಾತ್ರ ಉದಾಸೀನ ಹೆಚ್ಚು. ತನಗೂ ತನ್ನ ಹೆಂಡತಿಗೂ ಆಸರೆಯಾಗಬೇಕಾದ ಗಂಟು ಆ ಉದಾಸೀನದಿಂದಲೇ ಕೈತಪ್ಪಬಹುದು.

ಮೊದಲನೆಯದು ನಾಮಿನಿಯ ಹೆಸರು. ನಾಮಿನಿಯೇ ಹಣದ ಒಡೆಯನೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದು ಸರಿಯಲ್ಲ. ಬ್ಯಾಂಕ್ ಠೇವಣಿಯ ನಾಮಿನಿಗೆ ಹಣ ಪಡೆಯುವ ಅಧಿಕಾರವಿದೆಯೇ ಹೊರತು ವಾರಸುದಾರರ ಹಕ್ಕು ಅದರಿಂದ ಅಳಿಯದೆಂದು ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪಿತ್ತಿದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ಹೆಸರಿಸಬಹುದು. ಇಂತಿಷ್ಟು ಪಾಲೆಂದು ಹಂಚಲೂಬಹುದು, ಒಬ್ಬರ ನಂತರ ಒಬ್ಬರೆಂದು ಕ್ರಮ ಹೇಳಲೂಬಹುದು. ಊರಿನ ಪ್ರಾಥಮಿಕ ಕೃಷಿ ಸಹಕಾರ ಸಂಘಕ್ಕೆ ಈ ಬ್ಯಾಂಕಿಂಗ್ ಕಾಯಿದೆ ಅನ್ವಯಿಸದು. ಅಲ್ಲಿನ ಷೇರು, ಠೇವಣಿಗಳಿಗೆ ಸಂಘದ ನಿಯಮದಂತೆ ಬೇರೆಯಾಗಿಯೇ ಹೆಸರು ಕೊಡಬೇಕು.

ಹಣ ಕೊನೆಗೆ ಯಾರಿಗೆ ಸೇರಬೇಕೆಂಬುದನ್ನು ಹೇಳುವುದು ಮೃತ್ಯುಪತ್ರ, ಅಂದರೆ ಉಯಿಲು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಬರೆದವನ ರುಜುವಿನೊಂದಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ರುಜು ಬೇಕು. ಮುದ್ರಾಂಕದ ಕಾಗದ ಬೇಕಿಲ್ಲ. ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸುವುದು ಒಳ್ಳೆಯದು. ಪಿತ್ರಾರ್ಜಿತ ಆಸ್ತಿಯಾದರೆ ತನ್ನ ಪಾಲಿನ ಮಟ್ಟಿಗೆ ಮಾತ್ರ ಬರೆಯಬಹುದು. ಮುಸಲ್ಮಾನ ಬಾಂಧವರಿಗೆ ನಿಯಮಗಳು ಬೇರೆ. ಅವರು ತಿಳಿದವರಲ್ಲಿ ವಿಚಾರಿಸಬೇಕು.

ಗಡಿನಾಡಿನ ನಮಗೆ ಭಾಷೆಯ ಪ್ರಶ್ನೆಯೂ ಇದೆ. ಉಯಿಲನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ. ಆದರೆ 1908ರ ನೋಂದಣಿ ಕಾಯಿದೆಯ 19ನೆಯ ಕಲಮನ್ನು ಮರೆಯಬಾರದು. ಪತ್ರದ ಭಾಷೆ ಸಬ್‌ರಿಜಿಸ್ಟ್ರಾರರಿಗೆ ತಿಳಿಯದೆ, ಆ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಯೂ ಇಲ್ಲದಿದ್ದರೆ, ಜಿಲ್ಲೆಯ ಭಾಷೆಗೆ ಮಾಡಿದ ಸರಿಯಾದ ಅನುವಾದವನ್ನೂ ಮೂಲದ ನಕಲನ್ನೂ ಜೊತೆಗಿಡಬೇಕು. ತನಗೆ ಓದಲು ಬಾರದ ಭಾಷೆಯ ಪತ್ರಕ್ಕೆ ಬರೆಹಗಾರನ ಮಾತು ನಂಬಿ ರುಜು ಹಾಕುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಎಲ್ಲಕ್ಕಿಂತ ಎಚ್ಚರ ಬೇಕಾದುದು ದಾನಪತ್ರದಲ್ಲಿ. ಉಯಿಲನ್ನು ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು. ದಾನ ಹಾಗಲ್ಲ, ನೋಂದಣಿಯಾಗಿ ಭೂಮಿ ಮಗನ ಹೆಸರಿಗೆ ಹೋದ ಮೇಲೆ ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗದು. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ 23ನೆಯ ಕಲಮಿನಲ್ಲಿ ಒಂದು ರಕ್ಷಣೆಯಿದೆ. ಪಡೆದವನು ಕೊಟ್ಟವರ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಅವನು ಅದಕ್ಕೆ ತಪ್ಪಿದರೆ, ಅರುವತ್ತು ದಾಟಿದ ಹಿರಿಯರು ಪೋಷಣಾ ನ್ಯಾಯಮಂಡಳಿಗೆ ದೂರಿತ್ತು ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಅಂಥ ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಆದ್ದರಿಂದ ಕೊಡಲೇಬೇಕಾದಲ್ಲಿ ಊಟ, ವಸತಿ, ಔಷಧಿಯ ಹೊಣೆಯನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಯಿಸಬೇಕು. ಮಗನನ್ನು ನಂಬಿದವರೂ ಇದನ್ನು ಬರೆಯಿಸುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಒಮ್ಮೆ ಬರೆದು ಪೆಟ್ಟಿಗೆಯಲ್ಲಿಟ್ಟರೆ ಕೆಲಸ ಮುಗಿಯಲಿಲ್ಲ. ವಿವಾಹ, ಜನನ, ಮರಣ, ಭೂಮಿಯ ಕ್ರಯ, ಇವುಗಳಲ್ಲಿ ಯಾವುದು ನಡೆದರೂ ಹಳೆಯ ಪತ್ರಗಳನ್ನು ತೆಗೆದು ನೋಡಬೇಕು. ನಾಮಿನಿ ತೀರಿಕೊಂಡಿದ್ದರೆ ಹೊಸ ಹೆಸರು ಕೊಡಬೇಕು. ನಾಮಿನಿ ಅಪ್ರಾಪ್ತ ವಯಸ್ಕನಾದರೆ ಅವನ ಪರವಾಗಿ ಹಣ ಪಡೆಯುವ ಹಿರಿಯರೊಬ್ಬರನ್ನು ಗೊತ್ತುಮಾಡಬೇಕು. ಉಯಿಲಿನಲ್ಲಿ ಗೀಟೆಳೆದು ತಿದ್ದಿದರೆ ಸಾಲದು. ತಿದ್ದುಪಡಿಗೂ ಸಾಕ್ಷಿಗಳ ರುಜು ಬೇಕು. ಹೊಸತು ಬರೆದರೆ ಹಿಂದಿನದು ರದ್ದೆಂದು ಅದರಲ್ಲಿ ಹೇಳಬೇಕು.

ವರ್ಷಕ್ಕೊಮ್ಮೆ ಕಂದಾಯ ಕಟ್ಟಿ ಬಂದ ದಿನವನ್ನೇ ಇದಕ್ಕೆ ಗೊತ್ತುಮಾಡಿಕೊಳ್ಳಬಹುದು. ಆ ದಿನ ಮನೆಯಾಕೆಯನ್ನೂ ಬಳಿ ಕೂಡಿಸಿಕೊಂಡು ಯಾವ ಪತ್ರ ಎಲ್ಲಿದೆ, ಯಾರ ಹೆಸರಿಗಿದೆ ಎಂಬುದನ್ನು ಆಕೆಗೆ ತಿಳಿಸಿಡಬೇಕೆಂದು ನಮ್ಮ ಸೂಚನೆ.