ಟ್ಯಾಂಕಿನ ತಳದ ಇಂಧನ: ಉಳಿತಾಯವೋ, ನಷ್ಟವೋ?

ವಾಹನವಿಲ್ಲದೆ ಇಂದು ವ್ಯಾಪಾರವಿಲ್ಲ. ಅಂಗಡಿಗೆ ಸರಕು ತರುವ ಮಿನಿ ಲಾರಿಯಿಂದ ಹಿಡಿದು, ವಸೂಲಿಗಾಗಿ ಊರೂರು ಸುತ್ತುವ ಮಾಲೀಕರ ಕಾರಿನವರೆಗೆ, ಇಂಧನದ ವೆಚ್ಚವು ಪ್ರತಿಯೊಂದು ವಹಿವಾಟಿನ ಲೆಕ್ಕಪುಸ್ತಕದಲ್ಲೂ ಸ್ಥಾನ ಪಡೆದಿದೆ. ಆದುದರಿಂದ ಇಂಧನವನ್ನು ಹಿಡಿತದಲ್ಲಿಟ್ಟು ಬಳಸಬೇಕೆಂಬ ಮನೋಭಾವ ಬೆಳೆದಿರುವುದು ಸಹಜವೇ ಆಗಿದೆ. ಆದರೆ ಹಿಡಿತದಿಂದ ಬಳಸುವುದು ಬೇರೆ, ಟ್ಯಾಂಕು ಬರಿದಾಗುವವರೆಗೆ ಓಡಿಸಿ ಕೊನೆಯ ಗಳಿಗೆಯಲ್ಲಿ ಬಂಕ್ ಹುಡುಕುವುದು ಬೇರೆ. ಮೊದಲನೆಯದು ಮಿತವ್ಯಯ. ಎರಡನೆಯದು ಮಿತವ್ಯಯದ ವೇಷ ತೊಟ್ಟ ನಷ್ಟ. ಈ ನಷ್ಟವು ಯಾವ ಬಾಬಿನಲ್ಲಿ, ಹೇಗೆ ಬಂದು ಸೇರುತ್ತದೆ ಎಂಬುದನ್ನು ಉದ್ಯಮಿಗಳು ತಿಳಿದಿರುವುದು ಒಳಿತು.

ಬದಲಾದ ಯಂತ್ರ, ಬದಲಾಗದ ಅಭ್ಯಾಸ

ಟ್ಯಾಂಕನ್ನು ತಳಮುಟ್ಟ ಖಾಲಿ ಮಾಡುವ ಅಭ್ಯಾಸವು ಕಾರ್ಬ್ಯುರೇಟರ್ ಕಾಲದಿಂದ ಬಂದ ಬಳುವಳಿ. ಅಂದಿನ ಅಂಬಾಸಿಡರ್ ಅಥವಾ ಮಾರುತಿ 800 ಕಾರುಗಳಲ್ಲಿ ಪೆಟ್ರೋಲನ್ನು ಎಳೆಯುವ ಪಂಪು ಎಂಜಿನ್ನಿನ ಮಗ್ಗುಲಲ್ಲಿ ಇರುತ್ತಿತ್ತು. ಎಂಜಿನ್ನಿನ ಚಲನೆಯಿಂದಲೇ ಅದು ಕೆಲಸ ಮಾಡುತ್ತಿತ್ತು. ಪೆಟ್ರೋಲು ಮುಗಿದರೆ ವಾಹನ ನಿಲ್ಲುತ್ತಿತ್ತು, ಒಂದು ಲೀಟರ್ ತಂದು ಸುರಿದರೆ ಮತ್ತೆ ಓಡುತ್ತಿತ್ತು. ಬೈಕುಗಳಲ್ಲಿ ಒಂದು ಹೆಚ್ಚಿನ ಅನುಕೂಲವಿತ್ತು. ಎಂಜಿನ್ ತಡವರಿಸಿದೊಡನೆ ಸವಾರನು ಕೈ ಚಾಚಿ ನಲ್ಲಿಯನ್ನು ‘ರಿಸರ್ವ್’ ಕಡೆಗೆ ತಿರುಗಿಸಿದರೆ ಸಾಕಾಗುತ್ತಿತ್ತು.

ಇಂದಿನ ಸ್ಥಿತಿ ಹಾಗಿಲ್ಲ. ಹೊಗೆ ನಿಯಂತ್ರಣದ ಮಾನಕಗಳು ಹಂತಹಂತವಾಗಿ ಬಿಗಿಯಾದಂತೆ ಕಾರುಗಳಿಗೆ ಇಂಜೆಕ್ಷನ್ ವ್ಯವಸ್ಥೆ ಬಂದಿತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ 6 ಮಾನಕ ಜಾರಿಯಾದ ನಂತರ ದ್ವಿಚಕ್ರ ವಾಹನಗಳೂ ಬಹುಪಾಲು ಇದೇ ವ್ಯವಸ್ಥೆಗೆ ಬದಲಾದವು. ಅದರೊಂದಿಗೆ ರಿಸರ್ವ್ ನಲ್ಲಿಯೂ ಮರೆಯಾಯಿತು. ಯಂತ್ರ ಬದಲಾಯಿತು, ಓಡಿಸುವವರ ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು.

ಪಂಪಿಗೆ ಪೆಟ್ರೋಲೇ ತಂಪು

ಇಂಜೆಕ್ಷನ್ ವ್ಯವಸ್ಥೆಯ ಪೆಟ್ರೋಲ್ ಕಾರುಗಳಲ್ಲಿ ಇಂಧನದ ಪಂಪು ಟ್ಯಾಂಕಿನ ಒಳಗೇ ಇರುತ್ತದೆ. ಅದು ವಿದ್ಯುತ್ ಮೋಟಾರಿನಿಂದ ನಡೆಯುವ ಪಂಪು. ಕೀಲಿ ತಿರುಗಿಸಿದ ಕ್ಷಣದಿಂದ ಎಂಜಿನ್ ಆರುವವರೆಗೂ ಅದು ಬಿಡುವಿಲ್ಲದೆ ತಿರುಗುತ್ತಿರುತ್ತದೆ. ಅದರ ಮೋಟಾರಿನ ಒಳಗಿನಿಂದಲೇ ಪೆಟ್ರೋಲು ಹರಿದು ಹೋಗುತ್ತದೆ. ಹೀಗೆ ಹರಿಯುವ ಪೆಟ್ರೋಲೇ ಪಂಪಿನ ಶಾಖವನ್ನು ಒಯ್ಯುತ್ತದೆ, ತಿರುಗುವ ಭಾಗಗಳಿಗೆ ಜಾರಿಕೆಯನ್ನೂ ಒದಗಿಸುತ್ತದೆ.

ಟ್ಯಾಂಕಿನಲ್ಲಿ ಇಂಧನ ತೀರಾ ಇಳಿದಾಗ ಎರಡು ತೊಂದರೆಗಳು ಉಂಟಾಗುತ್ತವೆ. ಸುತ್ತಲೂ ಪೆಟ್ರೋಲಿನಲ್ಲಿ ಮುಳುಗಿರಬೇಕಾದ ಪಂಪು ಆವಿಯ ನಡುವೆ ನಿಲ್ಲುತ್ತದೆ, ಶಾಖವನ್ನು ಹಂಚಿಕೊಳ್ಳುವ ದ್ರವದ ಪ್ರಮಾಣ ಕಡಿಮೆಯಾಗುತ್ತದೆ. ವಾಹನ ತಿರುವಿನಲ್ಲಿ ವಾಲಿದಾಗ ಇಂಧನ ಒಂದು ಬದಿಗೆ ಸರಿದು ಪಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ಇದನ್ನು ತಡೆಯಲು ತಯಾರಕರು ಪಂಪಿನ ಸುತ್ತ ಸಣ್ಣ ಬಟ್ಟಲಿನಂತಹ ಕೋಶವನ್ನು ಅಳವಡಿಸಿರುತ್ತಾರೆ. ಆದುದರಿಂದ ಎಂದೋ ಒಮ್ಮೆ ದೀಪ ಹೊತ್ತಿದ ಮಾತ್ರಕ್ಕೆ ಪಂಪು ಕೆಟ್ಟುಹೋಗುವುದಿಲ್ಲ. ಅದೇ ನಿತ್ಯದ ರೂಢಿಯಾದರೆ ಪಂಪಿನ ಆಯುಷ್ಯ ಕುಗ್ಗುತ್ತದೆ. ಅನೇಕ ಕಾರುಗಳಲ್ಲಿ ಪಂಪು, ಸೋಸುಕ ಮತ್ತು ಅಳತೆಯ ಸಾಧನ ಒಂದೇ ಜೋಡಣೆಯಾಗಿ ಬರುವುದರಿಂದ ಒಂದು ಕೆಟ್ಟರೂ ಮೂರನ್ನೂ ಬದಲಿಸಬೇಕಾದ ಪ್ರಸಂಗ ಬರಬಹುದು.

ಇಂಧನ ಮುಗಿಯುವ ಕೊನೆಯ ಕ್ಷಣಗಳಲ್ಲಿ ಎಂಜಿನ್ ಜಗ್ಗುತ್ತಾ ಓಡುವುದನ್ನು ಹಲವರು ಕಂಡಿರಬಹುದು. ಆಗ ಸರಿಯಾಗಿ ಉರಿಯದ ಪೆಟ್ರೋಲು ಹೊಗೆ ಕೊಳವೆಯ ಮೂಲಕ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅಲ್ಲಿ ಉರಿಯುತ್ತದೆ. ಮೊದಲೇ ಕಾದಿರುವ ಆ ಭಾಗವು ಅತಿಯಾಗಿ ಕಾದರೆ ಅದರ ಒಳಪದರ ಹಾಳಾಗುವ ಸಂಭವವಿದೆ. ಅದರಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳಂತಹ ಬೆಲೆಬಾಳುವ ಲೋಹಗಳು ಇರುವುದರಿಂದ ಅದು ಅಗ್ಗದ ಬಿಡಿಭಾಗವಲ್ಲ.

ಡೀಸೆಲ್ ವಾಹನಗಳ ಪಾಡು

ಸರಕು ಸಾಗಣೆಯ ವಾಹನಗಳಲ್ಲಿ ಹೆಚ್ಚಿನವು ಡೀಸೆಲ್ ವಾಹನಗಳು. ಇವುಗಳಲ್ಲಿ ಇಂಧನ ಮುಗಿದರೆ ಬರುವ ಕಷ್ಟ ಇನ್ನೂ ಹೆಚ್ಚಿನದು. ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಕೊಳವೆಗಳಲ್ಲಿ ಗಾಳಿ ಸೇರಿಕೊಂಡರೆ, ಮತ್ತೆ ಡೀಸೆಲ್ ತುಂಬಿಸಿದರೂ ಎಂಜಿನ್ ಹತ್ತುವುದಿಲ್ಲ. ಮೆಕ್ಯಾನಿಕ್‌ಗಳು ‘ಏರ್ ಹಿಡಿದಿದೆ’ ಎನ್ನುವುದು ಇದಕ್ಕೇ. ಹಳೆಯ ಲಾರಿಗಳಲ್ಲಿ ಕೈಪಂಪು ಒತ್ತಿ, ತಿರುಪು ಸಡಿಲಿಸಿ, ಗಾಳಿಯ ಗುಳ್ಳೆಗಳು ಹೋಗಿ ಬರಿಯ ಡೀಸೆಲ್ ಬರುವವರೆಗೆ ಕಾದು ಬಿಗಿ ಮಾಡಿದರೆ ಕೆಲಸ ಮುಗಿಯುತ್ತಿತ್ತು. ಅನುಭವಿ ಚಾಲಕರು ಇದನ್ನು ತಾವೇ ಮಾಡಿಕೊಳ್ಳುತ್ತಿದ್ದರು.

ಕಾಮನ್ ರೈಲ್ ವ್ಯವಸ್ಥೆಯ ಇಂದಿನ ಎಂಜಿನ್ನುಗಳಲ್ಲಿ ಡೀಸೆಲ್ಲಿನ ಒತ್ತಡವು ವಾತಾವರಣದ ಒತ್ತಡದ 1,600 ಪಟ್ಟನ್ನೂ ದಾಟುವುದುಂಟು. ಇಷ್ಟು ಒತ್ತಡವನ್ನು ಉಂಟುಮಾಡುವ ಪಂಪಿನ ಭಾಗಗಳ ನಡುವಣ ಅಂತರ ಕೂದಲೆಳೆಗಿಂತಲೂ ಎಷ್ಟೋ ಪಾಲು ಕಿರಿದು. ಅವುಗಳಿಗೆ ಬೇರೆ ಎಣ್ಣೆಯಿಲ್ಲ, ಡೀಸೆಲ್ಲೇ ಎಣ್ಣೆ. ಡೀಸೆಲ್ ಇಲ್ಲದೆ ತಿರುಗಿದಾಗ ಲೋಹಕ್ಕೆ ಲೋಹ ತಾಗಿ ಸೂಕ್ಷ್ಮ ಕಣಗಳು ಉದುರಬಹುದು. ಆ ಕಣಗಳು ಇಂಜೆಕ್ಟರುಗಳನ್ನು ಸೇರಿದರೆ ದುರಸ್ತಿಯ ಖರ್ಚು ಪಂಪಿಗೆ ಮಾತ್ರ ಸೀಮಿತವಾಗಿ ಉಳಿಯುವುದಿಲ್ಲ.

ಭಾರತ್ ಸ್ಟೇಜ್ 6ರ ಡೀಸೆಲ್ ವಾಹನಗಳಲ್ಲಿ ಇನ್ನೆರಡು ಸಂಗತಿಗಳು ಗಮನಾರ್ಹ. ಹೊಗೆಯ ಮಸಿಯನ್ನು ಹಿಡಿದಿಡುವ ಸೋಸುಕವು ಆಗಾಗ ಆ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಟ್ಯಾಂಕಿನಲ್ಲಿ ಇಂಧನ ತೀರಾ ಕಡಿಮೆಯಿದ್ದರೆ ಹಲವು ವಾಹನಗಳಲ್ಲಿ ಈ ಕಾರ್ಯ ನಡೆಯುವುದೇ ಇಲ್ಲ. ಇನ್ನು, ಯೂರಿಯಾ ದ್ರಾವಣವನ್ನು ಬಳಸುವ ಲಾರಿಗಳಿಗೆ ಎರಡನೆಯ ಟ್ಯಾಂಕೊಂದು ಇರುತ್ತದೆ. ಡೀಸೆಲ್ ಭರ್ತಿ ಇದ್ದರೂ ಈ ದ್ರಾವಣ ಮುಗಿದರೆ ಎಂಜಿನ್ನಿನ ಶಕ್ತಿ ತಾನಾಗಿ ಕುಗ್ಗುತ್ತದೆ. ಆದುದರಿಂದ ಹೊಸ ಲಾರಿಗಳ ಮಾಲೀಕರು ಎರಡು ಟ್ಯಾಂಕುಗಳ ಮೇಲೂ ಕಣ್ಣಿಡಬೇಕಾಗಿದೆ.

ಮುಳ್ಳು ಹೇಳುವುದೆಲ್ಲ ನಿಜವಲ್ಲ

ಇಂಧನ ಸೂಚಕದ ಮುಳ್ಳನ್ನು ತಕ್ಕಡಿಯ ಮುಳ್ಳಿನಂತೆ ನಂಬುವವರಿದ್ದಾರೆ. ಸಾಮಾನ್ಯವಾಗಿ ಅದು ಟ್ಯಾಂಕಿನಲ್ಲಿ ತೇಲುವ ಗುಂಡೊಂದರ ಎತ್ತರವನ್ನು ಮಾತ್ರ ಹೇಳುತ್ತದೆ. ಟ್ಯಾಂಕಿನ ಆಕಾರ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮವಾಗಿಲ್ಲದ ಕಾರಣ ಮೊದಲರ್ಧ ನಿಧಾನವಾಗಿಯೂ ಕೊನೆಯ ಭಾಗ ಬೇಗನೆಯೂ ಇಳಿದಂತೆ ತೋರುವುದುಂಟು. ಏರಿನಲ್ಲಿ ಒಂದು ಅಳತೆ, ಇಳಿಜಾರಿನಲ್ಲಿ ಇನ್ನೊಂದು ಅಳತೆ. ಶಿರಾಡಿ, ಚಾರ್ಮಾಡಿ ಅಥವಾ ಆಗುಂಬೆ ಘಾಟಿಯನ್ನು ಹತ್ತುವ ವಾಹನದಲ್ಲಿ ತಳದ ಇಂಧನ ಹಿಂದಕ್ಕೆ ಸರಿಯುತ್ತದೆ. ಬಯಲಿನಲ್ಲಿ ಸಾಕೆನಿಸಿದ್ದು ಘಾಟಿಯ ತಿರುವಿನಲ್ಲಿ ಸಾಲದೆ ಹೋಗಬಹುದು.

‘ಇನ್ನು ಇಷ್ಟು ಕಿಲೋಮೀಟರ್ ಓಡುತ್ತದೆ’ ಎಂದು ತೋರಿಸುವ ಸಾಧನವೂ ಹಿಂದಿನ ಕೆಲವು ಕಿಲೋಮೀಟರುಗಳ ಸರಾಸರಿಯಿಂದ ಮುಂದಿನದನ್ನು ಊಹಿಸುತ್ತದೆ. ಹೆದ್ದಾರಿಯಲ್ಲಿ ಸಲೀಸಾಗಿ ಓಡಿದ ಕಾರು ನಗರದ ವಾಹನ ದಟ್ಟಣೆಗೆ ಸಿಲುಕಿದರೆ ಆ ಊಹೆ ಸುಳ್ಳಾಗುತ್ತದೆ. ಇದರೊಂದಿಗೆ ಎಥೆನಾಲ್ ಮಿಶ್ರಣದ ಪರಿಣಾಮವನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ನೀಡಲಾಯಿತು. ಲೀಟರೊಂದಕ್ಕೆ ಎಥೆನಾಲಿನ ಶಾಖಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆದುದರಿಂದ ಈ ಮಿಶ್ರಣದ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇಕಡಾ 6ರಿಂದ 7ರಷ್ಟು ಕಡಿಮೆ ಇರುತ್ತದೆ. ‘ದೀಪ ಹೊತ್ತಿದ ಮೇಲೂ ನನ್ನ ಕಾರು ಇಷ್ಟು ದೂರ ಓಡುತ್ತದೆ’ ಎಂಬ ಹಳೆಯ ಲೆಕ್ಕಗಳನ್ನು ತಿದ್ದಿಕೊಳ್ಳುವುದು ಅಗತ್ಯ.

ಕಸ ಮತ್ತು ನೀರು

ಟ್ಯಾಂಕು ಖಾಲಿಯಾದಾಗ ಮಾತ್ರ ತಳದ ಕಸ ಎಂಜಿನ್ನಿಗೆ ಹೋಗುತ್ತದೆ ಎಂಬ ಮಾತು ಪೂರ್ಣ ಸತ್ಯವಲ್ಲ. ಟ್ಯಾಂಕು ತುಂಬಿದ್ದಾಗಲೂ ಪಂಪು ಇಂಧನವನ್ನು ಎಳೆಯುವುದು ತಳದಿಂದಲೇ. ಆದರೆ ಇಂಧನ ಕಡಿಮೆಯಾದಷ್ಟೂ ಅದು ಕುಲುಕಾಡಿ ತಳದ ಗಸಿ ಕದಡುತ್ತದೆ. ಹಳೆಯ ವಾಹನಗಳ ತಗಡಿನ ಟ್ಯಾಂಕಿನಲ್ಲಿ ತುಕ್ಕು ಇದ್ದರೆ ಸೋಸುಕ ಬೇಗ ಕಟ್ಟಿಕೊಳ್ಳುತ್ತದೆ.

ನೀರಿನ ವಿಷಯ ಇದಕ್ಕಿಂತ ಮುಖ್ಯ. ಖಾಲಿ ಜಾಗದಲ್ಲಿ ಸೇರುವ ತೇವದ ಗಾಳಿ ತಣಿದಾಗ ಹನಿಗಟ್ಟುತ್ತದೆ. ದಿನವೂ ಓಡುವ ವಾಹನಕ್ಕೆ ಇದರಿಂದ ಹೆಚ್ಚಿನ ಬಾಧೆಯಿಲ್ಲ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ನಿಂತಿರುವ ವಾಹನಗಳಿಗೆ ಬಾಧೆಯುಂಟು. ಎಥೆನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ನೀರು ಮಿತಿಮೀರಿದರೆ ಎಥೆನಾಲ್ ಸಮೇತ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತದೆ.

ಉಳಿತಾಯದ ಲೆಕ್ಕ

ಕಡಿಮೆ ಇಂಧನ ಹೊತ್ತರೆ ಭಾರ ಕಡಿಮೆ, ಆದುದರಿಂದ ಮೈಲೇಜು ಹೆಚ್ಚು ಎಂಬ ವಾದವಿದೆ. ಪೆಟ್ರೋಲು ಲೀಟರಿಗೆ ಸುಮಾರು 750 ಗ್ರಾಂ ತೂಗುತ್ತದೆ. 20 ಲೀಟರ್ ಕಡಿಮೆ ಹೊತ್ತರೆ ಉಳಿಯುವ ಭಾರ 15 ಕಿಲೋ. ಪ್ರಯಾಣಿಕರೂ ಸೇರಿ 1,200 ಕಿಲೋ ತೂಗುವ ಕಾರಿನಲ್ಲಿ ಇದರ ಪರಿಣಾಮ ಶೇಕಡಾ 1ನ್ನೂ ಮುಟ್ಟುವುದಿಲ್ಲ. ಬೆಲೆ ಇಳಿಯಲೆಂದು ಕಾಯುವ ವಾದವೂ ಇದೆ. 2017ರ ಜೂನ್ 16ರಿಂದ ದೇಶದಾದ್ಯಂತ ಬೆಲೆಯ ಪರಿಷ್ಕರಣೆಯು ದಿನವಹಿ ಪದ್ಧತಿಗೆ ಬಂದ ಮೇಲೆ ಒಂದೇ ರಾತ್ರಿಯಲ್ಲಿ ದೊಡ್ಡ ಏರಿಳಿತಗಳು ವಿರಳ. ಲೀಟರಿಗೆ 50 ಪೈಸೆ ಇಳಿಯಿತೆಂದೇ ಇಟ್ಟುಕೊಂಡರೂ 30 ಲೀಟರಿಗೆ ಉಳಿಯುವುದು 15 ರೂಪಾಯಿ.

ಮೂರನೆಯದು ಬಂಡವಾಳದ ವಾದ. ವರ್ತಕರಿಗೆ ‘ಕನಿಷ್ಠ ದಾಸ್ತಾನು’ ಎಂಬ ಮಾತು ಹೊಸದಲ್ಲ. ಬೇಡಿಕೆಯ ಸರಕು ಅಂಗಡಿಯಲ್ಲಿ ತೀರಿಹೋಗಲು ಯಾವ ವ್ಯಾಪಾರಿಯೂ ಬಿಡುವುದಿಲ್ಲ. ಅದೇ ನಿಯಮವನ್ನು ಟ್ಯಾಂಕಿಗೂ ಅನ್ವಯಿಸಿ ನೋಡಬಹುದು. 200 ಲೀಟರಿನ ಟ್ಯಾಂಕುಳ್ಳ ಲಾರಿಯಲ್ಲಿ ಕಾಲು ಭಾಗ, ಅಂದರೆ 50 ಲೀಟರ್ ಡೀಸೆಲ್ಲನ್ನು ಸದಾ ಉಳಿಸಿಕೊಂಡರೆ, ಲೀಟರಿಗೆ 90 ರೂಪಾಯಿಯಂತೆ ತೊಡಗಿಸಿದ ಹಣ 4,500 ರೂಪಾಯಿ. ಶೇಕಡಾ 12ರ ಬಡ್ಡಿ ಹಿಡಿದರೂ ವರ್ಷಕ್ಕೆ 540 ರೂಪಾಯಿ, ತಿಂಗಳಿಗೆ 45 ರೂಪಾಯಿ. ಇದರ ಎದುರಿಗೆ ಲಾರಿ ದಾರಿಯಲ್ಲಿ ಒಂದು ದಿನ ನಿಂತರೆ ತಗಲುವ ಚಾಲಕ ಮತ್ತು ಕ್ಲೀನರ್‌ಗಳ ಬತ್ತ, ಮೆಕ್ಯಾನಿಕ್‌ನ ಖರ್ಚು, ತಪ್ಪಿದ ಮುಂದಿನ ಬಾಡಿಗೆ ಇವುಗಳನ್ನು ಇಟ್ಟು ನೋಡಿದರೆ ಯಾವುದು ಉಳಿತಾಯವೆಂಬುದು ಸ್ಪಷ್ಟವಾಗುತ್ತದೆ. ಸರಕು ಮಲ್ಪೆಯ ಮೀನೋ ಕೋಲಾರದ ಟೊಮೆಟೊವೋ ಆಗಿದ್ದರೆ ಬಾಡಿಗೆಯೊಡನೆ ಮಾಲೂ ಹೋಯಿತು.

ಚಾಲಕನ ಮೇಲಿನ ಹೊರೆ

ಸಾರಿಗೆ ಉದ್ಯಮದಲ್ಲಿ ಪ್ರತಿ ಟ್ರಿಪ್ಪಿಗೆ ಇಂತಿಷ್ಟೇ ಲೀಟರ್ ಎಂದು ಅಳೆದು ಕೊಡುವ ಪದ್ಧತಿ ವ್ಯಾಪಕವಾಗಿದೆ. ಡೀಸೆಲ್ ಸೋರಿಕೆಯನ್ನು ತಡೆಯುವುದು ಇದರ ಉದ್ದೇಶ, ಮತ್ತು ಆ ಉದ್ದೇಶ ನ್ಯಾಯವಾದುದೇ. ಆದರೆ ಅಳತೆ ತೀರಾ ಬಿಗಿಯಾದಾಗ ದಾರಿ ಬದಲಾವಣೆ, ಘಾಟಿಯ ಏರು, ಗಂಟೆಗಟ್ಟಲೆಯ ದಟ್ಟಣೆ ಇವುಗಳಿಗೆ ಅವಕಾಶವೇ ಇರುವುದಿಲ್ಲ. ಚಾಲಕನು ಕೈಯಿಂದ ಹಣ ಹಾಕಲಾರದೆ, ಮಾಲೀಕರನ್ನು ಕೇಳಲು ಅಂಜಿ, ತಳದ ಇಂಧನದಲ್ಲೇ ಊರು ಸೇರಲು ಯತ್ನಿಸುತ್ತಾನೆ. ವಾಹನ ನಿಂತರೆ ದೂರು ಬರುವುದು ಅವನ ಮೇಲೆಯೇ. ಕನಿಷ್ಠ ದಾಸ್ತಾನನ್ನು ಟ್ರಿಪ್ಪಿನ ಲೆಕ್ಕದಿಂದ ಬೇರ್ಪಡಿಸಿ, ಹೊರಡುವಾಗ ಎಷ್ಟಿತ್ತೋ ಮರಳಿದಾಗಲೂ ಅಷ್ಟೇ ಇರಬೇಕೆಂಬ ನಿಯಮ ಮಾಡಿದರೆ ಸೋರಿಕೆಯ ಹಿಡಿತವೂ ತಪ್ಪುವುದಿಲ್ಲ, ಚಾಲಕನೂ ನಿಶ್ಚಿಂತನಾಗಿರುತ್ತಾನೆ.

ದಾರಿಯಲ್ಲಿ ನಿಂತರೆ

ಓಡುತ್ತಿರುವಾಗ ಎಂಜಿನ್ ಆರಿದರೆ ಅಪಾಯವುಂಟು. ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ. ಕಾರಿನ ಬ್ರೇಕಿಗೆ ನೆರವಾಗುವ ನಿರ್ವಾತವು ಕೆಲವೇ ಒತ್ತುವಿಕೆಗಳಿಗೆ ಸಾಲುತ್ತದೆ, ಆನಂತರ ಬಲವಾಗಿ ತುಳಿಯಬೇಕಾಗುತ್ತದೆ. ಲಾರಿಗಳಲ್ಲಿ ಬ್ರೇಕಿಗೆ ಬೇಕಾದ ಗಾಳಿಯನ್ನು ತುಂಬುವ ಕಂಪ್ರೆಸರ್ ನಿಲ್ಲುತ್ತದೆ. ಇಂತಹ ಸಮಯದಲ್ಲಿ ಕೀಲಿಯನ್ನು ಪೂರ್ಣ ತಿರುಗಿಸಿ ತೆಗೆಯದೆ, ಅಪಾಯ ಸೂಚಕ ದೀಪ ಹಾಕಿ, ಉಳಿದ ವೇಗದಲ್ಲೇ ರಸ್ತೆಯ ಎಡ ಅಂಚಿಗೆ ಬರಬೇಕು. ಅಪಾಯ ಅಥವಾ ಅಡಚಣೆಯಾಗುವಂತೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 122ನೇ ಕಲಮು ನಿಷೇಧಿಸುತ್ತದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗೆ 1033 ಸಂಖ್ಯೆಗೆ ಕರೆ ಮಾಡಬಹುದು.

ಮುಂಜಾಗ್ರತೆಗೆಂದು ಪೆಟ್ರೋಲನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯುವುದು ಸಲ್ಲದು. ಮಾರಾಟಕ್ಕಲ್ಲದ 30 ಲೀಟರಿನವರೆಗಿನ ಪೆಟ್ರೋಲಿಗೆ 1934ರ ಪೆಟ್ರೋಲಿಯಂ ಕಾಯಿದೆಯು ಪರವಾನಗಿಯಿಂದ ವಿನಾಯಿತಿ ನೀಡಿದ್ದರೂ, ಭದ್ರ ಮುಚ್ಚಳದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಗಳನ್ನು ಮಾತ್ರ ಹೆಸರಿಸಿದೆ. ಲೋಹದ ಪಾತ್ರೆ 25 ಲೀಟರನ್ನೂ ಉಳಿದವು 1 ಲೀಟರನ್ನೂ ಮೀರಬಾರದು.

ಪಾಲಿಸಬಹುದಾದ ಕ್ರಮಗಳು

1. ಕಾಲು ಟ್ಯಾಂಕನ್ನೇ ‘ಖಾಲಿ’ ಎಂದು ಭಾವಿಸುವುದು. ಘಾಟಿ ಹತ್ತುವ ಮೊದಲು ಮತ್ತು ರಾತ್ರಿ ಪ್ರಯಾಣಕ್ಕೆ ಮುನ್ನ ಅರ್ಧ ಟ್ಯಾಂಕಾದರೂ ಇರುವಂತೆ ನೋಡಿಕೊಳ್ಳುವುದು.

2. ದೀಪ ಹೊತ್ತಿದ ಮೇಲೆ ಎಷ್ಟು ಲೀಟರ್ ಉಳಿದಿರುತ್ತದೆಂಬುದನ್ನು ವಾಹನದ ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳುವುದು. ಓಡಿಸಿ ಪರೀಕ್ಷಿಸಲು ಹೋಗಬಾರದು.

3. ಬಹುದಿನ ನಿಲ್ಲಿಸುವ ವಾಹನದ ಟ್ಯಾಂಕನ್ನು ಬಹುಮಟ್ಟಿಗೆ ತುಂಬಿಸಿಡುವುದು. ಬಂಕಿನ ನಳಿಕೆ ತಾನಾಗಿ ನಿಂತ ಮೇಲೆ ಕಂಠಮಟ್ಟ ಸುರಿಸುವುದು ಬೇಡ. ಹಿಗ್ಗುವ ಇಂಧನಕ್ಕೂ ಆವಿಗೂ ಜಾಗ ಬೇಕು.

4. ಡೀಸೆಲ್ ವಾಹನ ಇಂಧನ ಮುಗಿದು ನಿಂತರೆ ಸ್ಟಾರ್ಟರನ್ನು ಬಿಡದೆ ತಿರುಗಿಸದಿರುವುದು. ಕೈಪಿಡಿಯ ಕ್ರಮದಂತೆ ಗಾಳಿ ತೆಗೆದ ನಂತರವೇ ಚಾಲೂ ಮಾಡುವುದು.

5. ಸೋಸುಕಗಳನ್ನು ನಿಗದಿತ ಅವಧಿಗೆ ಬದಲಿಸುವುದು. ಡೀಸೆಲ್ ಸೋಸುಕದ ನೀರನ್ನು ಕಾಲಕಾಲಕ್ಕೆ ಇಳಿಸುವುದು.

ಇಂಧನದ ಉಳಿತಾಯವು ಹದವಾದ ವೇಗ, ಸರಿಯಾದ ಗಾಲಿ ಒತ್ತಡ, ಸಕಾಲದ ಸರ್ವಿಸ್ ಮತ್ತು ಮಿತಿಯೊಳಗಿನ ಭಾರದಿಂದ ಬರುವಂಥದು, ಖಾಲಿ ಟ್ಯಾಂಕಿನಿಂದಲ್ಲ. ತಿಂಗಳಿಗೆ 45 ರೂಪಾಯಿಯ ಬಡ್ಡಿಯನ್ನು ಉಳಿಸಹೋಗಿ ಒಂದು ದಿನದ ಬಾಡಿಗೆಯನ್ನೂ ಗಿರಾಕಿಯ ವಿಶ್ವಾಸವನ್ನೂ ಕಳೆದುಕೊಳ್ಳುವುದು ವ್ಯಾಪಾರದ ಲೆಕ್ಕಕ್ಕೆ ಒಗ್ಗುವ ಮಾತಲ್ಲ.